ತಲೆನೋವೆಂದು ಬಂದವರ ಪ್ಲೇಟ್‌ಲೆಟ್ ನೋಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಹೆಚ್ಚಾಗಿ ರಾತ್ರಿ ಪಾಳಿ ಮಾಡುವ ಡಾಕ್ಟರು. 2021ರಲ್ಲಿ ನಮ್ಮ ಡ್ಯೂಟಿ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆವು. ಕೋವಿಡ್ ಲಸಿಕೆ ಹಾಕಿಸಿಕೊಂಡವರು ತಲೆನೋವು ಅಂತ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಅದರಲ್ಲಿತ್ತು. ಸುಣ್ಣಬಣ್ಣ ಹೊಡೆಯುವಾಗ ಅದನ್ನು ಕಿತ್ತರು. ಮತ್ತೆ ಯಾರೂ ಅಂಟಿಸಲಿಲ್ಲ.

ಮೊನ್ನೆ ಹೊಸದಾಗಿ ಸೇರಿದ ಹುಡುಗನನ್ನು ಸುಮ್ನೆ ಕೇಳಿದೆ. "ಎಂಟು ದಿನದ ಹಿಂದೆ ಲಸಿಕೆ ಆಗಿದೆ. ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆ. ಪ್ಲೇಟ್‌ಲೆಟ್ 40 ಸಾವಿರ. ಏನು ಕೊಡ್ತೀಯಪ್ಪಾ?" "ಪ್ಲೇಟ್‌ಲೆಟ್ ಏರಿಸಿ, ಹೆಪಾರಿನ್ ಶುರು ಮಾಡ್ತೀನಿ ಸಾರ್" ಅಂದ. ಅವನನ್ನು ಬೈಯುವ ಹಾಗಿಲ್ಲ. ಮಾಮೂಲಿ ರೋಗಿಗೆ ಯೋಚಿಸುವ ಹಾಗೆಯೇ ಯೋಚಿಸಿದ. ಆದರೆ ಇದು ವಿಐಟಿಟಿ, ಕೆಲವು ಲಸಿಕೆಗಳ ನಂತರ ತೀರಾ ಅಪರೂಪಕ್ಕೆ ಬರುವ ಕಾಯಿಲೆ. ಇದೊಂದರಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು, ಏರಿಸುವುದು ಬೆಂಕಿಗೆ ತುಪ್ಪ ಸುರಿದ ಹಾಗೆ. ರಕ್ತ ತೆಳುವಾಗಿಸುವ ಹೆಪಾರಿನ್ ಕೂಡ ಇಲ್ಲಿ ದೂರ ಇಡಬೇಕಾದ ಔಷಧಿ. ಆ ಹಾಳೆಯಲ್ಲಿ ಇದ್ದದ್ದು ಇದೇ.

ಅವನ ಮಾತು ಬಿಡಿ, ನನ್ನದನ್ನೇ ಹೇಳುತ್ತೇನೆ. ಆ ವರ್ಷ ಒಬ್ಬ ತರುಣಿ ತಲೆನೋವು ಅಂತ ಬಂದಿದ್ದರು. ಲಸಿಕೆ ಹಾಕಿಸಿಕೊಂಡು ಏಳು ದಿನ ಆಗಿತ್ತು. ಜ್ವರ ಇಲ್ಲ, ಬಿ.ಪಿ. ಸರಿ ಇದೆ. ನೋವಿನ ಮಾತ್ರೆ ಕೊಟ್ಟು ಕಳಿಸಿದೆ. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂದರು. ಮಲಗಿದರೆ ತಲೆ ಸಿಡಿಯುತ್ತೆ, ಅದಕ್ಕೇ ಎರಡು ರಾತ್ರಿ ಕುರ್ಚಿಯಲ್ಲಿ ಕೂತೇ ಕಳೆದೆ ಅಂದರು. ಕಾಲುಚೀಲ ಕೆಳಗಿಳಿಸಿ ನೋಡಿದರೆ, ಎಲಾಸ್ಟಿಕ್ ಒತ್ತಿದ ಜಾಗದಲ್ಲಿ ಸೂಜಿಮೊನೆಯಷ್ಟು ಚಿಕ್ಕ ಕೆಂಪು ಚುಕ್ಕೆಗಳು, ಸುತ್ತಲೂ ಉಂಗುರದ ಹಾಗೆ. ಒತ್ತಿದರೆ ಮಾಸಲಿಲ್ಲ. ಪ್ಲೇಟ್‌ಲೆಟ್ 31 ಸಾವಿರ. ಇರಬೇಕಾದದ್ದು ಕನಿಷ್ಠ ಒಂದೂವರೆ ಲಕ್ಷ. ಅವರು ಬದುಕಿದರು. ಎಡಗೈ ಮಾತ್ರ ಮೊದಲಿನ ಹಾಗಿಲ್ಲ. ಮೊದಲ ಸಲ ಬಂದಾಗಲೇ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿದ್ದರೆ ಏನಾಗುತ್ತಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಈ ಕಾಯಿಲೆ ವಿಚಿತ್ರ. ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತ ಸೋರಬೇಕು, ಅಲ್ವಾ? ಇಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ರಕ್ತ ಹೆಪ್ಪುಗಟ್ಟುತ್ತದೆ. ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಪಿಎಫ್4 ಅನ್ನುವ ಪ್ರೋಟೀನ್ ವಿರುದ್ಧ ನಮ್ಮ ದೇಹವೇ ಪ್ರತಿಕಾಯ (ಆಂಟಿಬಾಡಿ) ತಯಾರಿಸಿಕೊಳ್ಳುತ್ತದೆ. ಆ ಪ್ರತಿಕಾಯ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ಕೆರಳಿದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ, ಹಾಗೇ ಖರ್ಚಾಗಿ ಎಣಿಕೆ ಇಳಿಯುತ್ತದೆ. ಮಿದುಳಿನಿಂದ ರಕ್ತ ಹೊರಗೆ ಹೋಗುವ ದೊಡ್ಡ ಸಿರೆ ಕಟ್ಟಿಕೊಂಡರೆ, ಮೋರಿ ಕಟ್ಟಿದಾಗ ನೀರು ಹಿಂದಕ್ಕೆ ನಿಲ್ಲುವ ಹಾಗೆ ರಕ್ತ ಹಿಂದೆ ನಿಲ್ಲುತ್ತದೆ. ಒತ್ತಡ ಏರುತ್ತದೆ, ಸಣ್ಣ ನಾಳ ಒಡೆಯುತ್ತದೆ. ಕಟ್ಟಿಕೊಳ್ಳುವುದು, ಸೋರುವುದು ಎರಡೂ ಒಂದೇ ತಲೆಯೊಳಗೆ. ಪ್ಲೇಟ್‌ಲೆಟ್ ತುಂಬಿಸುವುದು ಯಾಕೆ ತಪ್ಪು ಅಂತ ಈಗ ಗೊತ್ತಾಗುತ್ತೆ. ಹಾಕಿದಷ್ಟೂ ಆ ಗಡ್ಡೆಗೇ ಮೇವು.

ಇದು ಹೊರಗೆ ಬಂದದ್ದು 2021ರ ವಸಂತದಲ್ಲಿ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಆಂಡ್ರಿಯಾಸ್ ಗ್ರೈನಾಕರ್ ಅವರ ತಂಡ, ನಾರ್ವೆಯ ಓಸ್ಲೋದ ವೈದ್ಯರು, ಬ್ರಿಟನ್ನಿನವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇದನ್ನು ಕಂಡರು. ಹೆಪಾರಿನ್ ಕೊಟ್ಟ ಕೆಲವರಲ್ಲಿ ಇದೇ ಪಿಎಫ್4 ತೊಂದರೆ ಬರುವುದು ಅವರಿಗೆ ಮೊದಲೇ ಗೊತ್ತಿತ್ತು. ಹೆಪಾರಿನ್ ಮುಟ್ಟದವರಲ್ಲೂ ಅದೇ ಕಂಡಾಗ ಸುಳಿವು ಸಿಕ್ಕಿತು. ಆ ವರ್ಷ ಏಪ್ರಿಲ್ 7ರಂದು ಯುರೋಪಿನ ಔಷಧ ಸಂಸ್ಥೆ ಇದನ್ನು ಆಸ್ಟ್ರಾಜೆನೆಕಾ ಲಸಿಕೆಯ (ನಮ್ಮಲ್ಲಿ ಕೋವಿಶೀಲ್ಡ್) ತೀರಾ ಅಪರೂಪದ ಅಡ್ಡಪರಿಣಾಮ ಅಂತ ಒಪ್ಪಿಕೊಂಡಿತು. ಏಪ್ರಿಲ್ 13ರಂದು ಅಮೆರಿಕ ಜಾನ್ಸನ್ ಲಸಿಕೆಯನ್ನು ಹತ್ತು ದಿನ ನಿಲ್ಲಿಸಿತು. ಎರಡೂ ಅಡಿನೋವೈರಸ್ ಅನ್ನುವ, ಶೀತ ತರುವ ವೈರಸ್ ಬಳಸಿ ಮಾಡಿದ ಲಸಿಕೆಗಳು.

ಅಪರೂಪ ಅಂದರೆ ಎಷ್ಟು? ಬ್ರಿಟನ್ನಿನಲ್ಲಿ ಆಸ್ಟ್ರಾಜೆನೆಕಾದ ಮೊದಲ ಡೋಸ್ ಪಡೆದ 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಸುಮಾರು 50 ಸಾವಿರಕ್ಕೆ ಒಬ್ಬರು. ಅದಕ್ಕಿಂತ ಹೆಚ್ಚು ವಯಸ್ಸಾದವರಲ್ಲಿ ಇನ್ನೂ ಕಡಿಮೆ. ಆದರೆ ಬಂದವರಿಗೆ ಅಪಾಯ ಸಣ್ಣದಲ್ಲ. ಅಲ್ಲಿ ಅಧ್ಯಯನ ಮಾಡಿದ 220 ಜನರಲ್ಲಿ 22 ಶೇಕಡಾ ಸತ್ತರು. ಪ್ಲೇಟ್‌ಲೆಟ್ 30 ಸಾವಿರಕ್ಕಿಂತ ಇಳಿದು ತಲೆಯೊಳಗೆ ರಕ್ತಸ್ರಾವವೂ ಆದವರಲ್ಲಿ 73 ಶೇಕಡಾ. ನನ್ನ ರೋಗಿ ಆ ಗೆರೆಗೆ ಒಂದೇ ಒಂದು ಸಾವಿರ ಮೇಲಿದ್ದರು.

ಈಗ ಯಾಕೆ ಈ ಪತ್ರ, ಆ ಲಸಿಕೆಗಳನ್ನು ಈಗ ಯಾರು ಹಾಕುತ್ತಾರೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಯುರೋಪಿನಲ್ಲಿ ಆಸ್ಟ್ರಾಜೆನೆಕಾ ಲಸಿಕೆಯ ಪರವಾನಗಿ 2024ರ ಮೇನಲ್ಲಿ ವಾಪಸ್ ಪಡೆಯಲಾಗಿದೆ, ನಿಜ. ಆದರೆ ಅಡಿನೋವೈರಸ್ ತಂತ್ರ ಹೋಗಿಲ್ಲ. ಎಬೋಲಾಗೂ ಅಂಥ ಲಸಿಕೆ ಇದೆ. ಮುಂದಿನ ಸಾಂಕ್ರಾಮಿಕ ಬಂದರೆ ಬೇಗ ತಯಾರಾಗುವ ಲಸಿಕೆಗಳಲ್ಲಿ ಇದೂ ಒಂದು. ಇನ್ನೊಂದು ವಿಷಯ: ಲಸಿಕೆಯೇ ಇಲ್ಲದೆ, ಮಾಮೂಲಿ ಅಡಿನೋವೈರಸ್ ಸೋಂಕು ತಗುಲಿದವರಲ್ಲೂ ಇಂಥದೇ ಕಾಯಿಲೆ ಬಂದದ್ದು 2023ರಲ್ಲಿ ವರದಿಯಾಗಿದೆ. ಅಂದರೆ ಹಾಳೆ ಕಿತ್ತುಹಾಕುವ ಕಾಲ ಇನ್ನೂ ಬಂದಿಲ್ಲ.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಎಲ್ಲ ತುರ್ತು ಘಟಕಗಳಿಗೂ ಒಂದು ಆದೇಶ ಹೋಗಲಿ. ಲಸಿಕೆಯಾಗಿ ನಾಲ್ಕು ದಿನದ ನಂತರ ಶುರುವಾದ ಅಥವಾ ಬಿಡದ ತಲೆನೋವು, ಕಣ್ಣು ಮಂಜು, ವಾಂತಿ, ಫಿಟ್ಸ್, ಕೈಕಾಲಿನ ನಿಶ್ಶಕ್ತಿ ಅಂತ ಯಾರೇ ಬರಲಿ, ಅವತ್ತೇ ಸಿಬಿಸಿ. ಲಸಿಕೆ ಹಾಕಿದ ಮರುದಿನ ಬರುವ ತಲೆನೋವು ಬೇರೆ, ಅದು ತಾನಾಗಿ ಹೋಗುತ್ತದೆ. ಸಿಬಿಸಿ ಯಂತ್ರ ಇಲ್ಲದ ಆಸ್ಪತ್ರೆ ಕಡಿಮೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿದ್ದರೆ ಡಿ-ಡೈಮರ್ (ಹೆಪ್ಪುಗಟ್ಟಿದ್ದರ ಸುಳಿವು ಕೊಡುವ ರಕ್ತ ಪರೀಕ್ಷೆ) ನೋಡಬೇಕು, ಸಿರೆಗಳು ಕಾಣುವ ಸ್ಕ್ಯಾನ್, ಅಂದರೆ ಸಿ.ಟಿ. ಅಥವಾ ಎಂ.ಆರ್. ವೆನೋಗ್ರಾಂ ಆಗಬೇಕು. ಸಾದಾ ಸಿ.ಟಿ. ಚೆನ್ನಾಗಿದೆ ಅಂತ ಮನೆಗೆ ಕಳಿಸುವ ಹಾಗಿಲ್ಲ. ಗಡ್ಡೆ ಅದರಲ್ಲಿ ಕಾಣದೆಯೂ ಇರಬಹುದು.

ಪ್ರತಿಕಾಯದ ಪರೀಕ್ಷೆಯಲ್ಲಿ ಒಂದು ಎಡವಟ್ಟಿದೆ. ಹೆಪಾರಿನ್ ತೊಂದರೆಗೆ ಬಳಸುವ ದಿಢೀರ್ ಪರೀಕ್ಷೆಗಳು ಇಲ್ಲಿ ಎಷ್ಟೋ ಸಲ ನೆಗೆಟಿವ್ ಬರುತ್ತವೆ. ಬೇಕಾದದ್ದು ಎಲೈಸಾ ಅನ್ನುವ ಲ್ಯಾಬ್ ಪರೀಕ್ಷೆ. ಅದು ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೇ ಯಾವ ಲ್ಯಾಬಿಗೆ ಕಳಿಸಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ನಡುರಾತ್ರಿ ಫೋನ್ ನಂಬರ್ ಹುಡುಕುತ್ತಾ ಕೂರುವ ಹಾಗೆ ಆಗಬಾರದು. ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಹಾಕುವ ಮುಂಚೆ ರಕ್ತ ತೆಗೆದಿಡಬೇಕು, ಇದೂ ಆ ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು. ರಕ್ತ ತೆಗೆದ ಮೇಲೆ ವರದಿಗೆ ಕಾಯುತ್ತಾ ಕೂರಬಾರದು, ಚಿಕಿತ್ಸೆ ಶುರು ಮಾಡಬೇಕು.

ಔಷಧಿ ಅಂದರೆ ಮುಖ್ಯವಾಗಿ ಸಿರೆಯ ಮೂಲಕ ಕೊಡುವ ಇಮ್ಯುನೊಗ್ಲೋಬ್ಯುಲಿನ್, ದೇಹದ ತೂಕದ ಒಂದು ಕೆ.ಜಿ.ಗೆ ಒಂದು ಗ್ರಾಂ ಲೆಕ್ಕದಲ್ಲಿ. ಜೊತೆಗೆ ಹೆಪಾರಿನ್ ಅಲ್ಲದ, ರಕ್ತ ತೆಳುವಾಗಿಸುವ ಔಷಧಿ: ಆರ್ಗಟ್ರೋಬಾನ್, ಫಾಂಡಾಪಾರಿನಕ್ಸ್ ಇತ್ಯಾದಿ. ತೀರಾ ಬಿಗಡಾಯಿಸಿದವರಿಗೆ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗದ, ಬದಲಾವಣೆ. ಪ್ಲೇಟ್‌ಲೆಟ್ ಏರಿಸುವುದು ಆಪರೇಷನ್ ಮಾಡಲೇಬೇಕಾದಾಗ ಮಾತ್ರ. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ಮಿದುಳಿನ ಸಿರೆ ಕಟ್ಟಿದ ಇಂಥ 70 ಜನರಿದ್ದರು. ಇಮ್ಯುನೊಗ್ಲೋಬ್ಯುಲಿನ್ ಸಿಕ್ಕವರಲ್ಲಿ 40 ಶೇಕಡಾ ಜನ ಸತ್ತರು ಅಥವಾ ಬೇರೆಯವರ ಆಸರೆಯಲ್ಲೇ ಉಳಿದರು. ಸಿಗದವರಲ್ಲಿ 73 ಶೇಕಡಾ. ದುಬಾರಿ ಔಷಧಿ, ಒಪ್ಪುತ್ತೇನೆ. ಎಲ್ಲ ಕಡೆ ರಾಶಿ ಹಾಕಿ ಇಡಿ ಅನ್ನುತ್ತಿಲ್ಲ. ಯಾವ ಆಸ್ಪತ್ರೆಯಿಂದ ಎಷ್ಟು ಗಂಟೆಯಲ್ಲಿ ತಲುಪುತ್ತೆ ಅಂತ ಬರೆದಿಡಿ, ಸಾಕು.

ಇದನ್ನೆಲ್ಲ ಜೋರಾಗಿ ಹೇಳಿದರೆ ಜನ ಲಸಿಕೆಗೆ ಹೆದರುತ್ತಾರೆ ಅಂತ ನಿಮಗೆ ಯಾರಾದರೂ ಹೇಳಿರಬಹುದು. ನನ್ನ ಅನುಭವ ಬೇರೆ. ಆ ರೋಗಿಯ ಅಮ್ಮ ಕೇಳಿದ್ದು "ಲಸಿಕೆ ಯಾಕೆ ಕೊಟ್ರಿ" ಅಂತ ಅಲ್ಲ. "ಮೊದಲ ಸಲ ಬಂದಾಗ ನಿಮಗೆ ಗೊತ್ತಿರ್ಲಿಲ್ವಾ ಡಾಕ್ಟ್ರೇ?" ಅಂತ. ಗೊತ್ತಿತ್ತು. ಹಾಳೆ ಗೋಡೆ ಮೇಲೇ ಇತ್ತು. ಅವತ್ತು ರಶ್ ಜಾಸ್ತಿ ಇತ್ತು, ನಾನು ಅತ್ತ ತಿರುಗಿ ನೋಡಲಿಲ್ಲ. ಅದಕ್ಕೇ ಬರೀ ಹಾಳೆ ಸಾಲದು, ಆದೇಶ ಬೇಕು ಅನ್ನುತ್ತಿರುವುದು. ಚೀಟಿ ಮಾಡಿಸುವ ಕೌಂಟರಿನಲ್ಲೇ "ಇತ್ತೀಚೆಗೆ ಲಸಿಕೆ ಆಗಿದೆಯಾ, ಯಾವತ್ತು?" ಅಂತ ಕೇಳಿ ಬರೆದುಕೊಂಡರೆ, ನನ್ನಂಥವನು ಮರೆತರೂ ಚೀಟಿ ಮರೆಯುವುದಿಲ್ಲ.

ಆದೇಶದ ಕರಡು ನಾವೇ ಬರೆದು ಕೊಡುತ್ತೇವೆ. ಒಂದೇ ಪುಟ. ನಿಮ್ಮ ಸಹಿ ಬೇಕು.

ಇಂತಿ ನಿಮ್ಮ ವಿಶ್ವಾಸಿ,
ತುರ್ತು ವಿಭಾಗದ ಒಬ್ಬ ವೈದ್ಯ