ಹೇಳಿಬಿಡಲಾ ಅಂತ ಕೇಳಿದೆಯಲ್ಲ

ಕುಂಜಿಬೆಟ್ಟು, ಉಡುಪಿ
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಕೆಲಸ ಬಿಟ್ಟದ್ದು, ನಿನ್ನ ಅಮ್ಮ ಎರಡು ದಿನ ಮಾತು ಬಿಟ್ಟದ್ದು, ಮಂಗಳೂರಿನ ಬಿಜೈಯಲ್ಲಿ ಒಂದು ಫ್ಲ್ಯಾಟಿನ ಇಂಟೀರಿಯರ್ ಕೆಲಸ ನಿನ್ನ ಕೈಗೆ ಬಂದದ್ದು ಎಲ್ಲ ಫೋನಿನಲ್ಲೇ ತಲುಪಿದೆ, ಅದು ಬಿಡು. ಕೊನೆಗೆ ಬರೆದ ಒಂದು ಸಾಲು ಮಾತ್ರ ನನಗೆ ನಿದ್ದೆ ಕೊಡಲಿಲ್ಲ. "ಎಲ್ಲಿ ಓದಿದ್ದು ಅಂತ ಕೇಳಿದರೆ ಬೆಂಗಳೂರಿನಲ್ಲಿ ಡಿಪ್ಲೊಮಾ ಆಗಿದೆ ಅಂತ ಹೇಳಿಬಿಡಲಾ ಮಾವ? ಸರ್ಟಿಫಿಕೇಟ್ ಯಾರು ನೋಡುತ್ತಾರೆ?"

ಯಾರೂ ನೋಡುವುದಿಲ್ಲ ಮಾರಾಯ್ತಿ. ನನ್ನದನ್ನೂ ಯಾರೂ ನೋಡಲಿಲ್ಲ.

ನಾನು ಪಾಲಿಟೆಕ್ನಿಕ್ ಅರ್ಧಕ್ಕೆ ಬಿಟ್ಟದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುಗಿಸಿದ್ದೇನೆ ಅಂತ ಹೇಳಿಕೊಂಡು ಹನ್ನೊಂದು ವರ್ಷ ಕೆಲಸ ಮಾಡಿದ್ದು ಯಾರಿಗೂ ಗೊತ್ತಿಲ್ಲ, ನಿನ್ನ ಅಮ್ಮನಿಗೂ ಇಲ್ಲ. ಒಬ್ಬ ಕಂಟ್ರಾಕ್ಟರರ ಹತ್ತಿರ ಸೇರುವ ದಿನ ಅವರು "ಡಿಪ್ಲೊಮಾ ಆಯ್ತಾ?" ಅಂದರು. "ಆಯ್ತು" ಅಂದೆ. ಅವರು ಮೇಲೆ ತಲೆ ಎತ್ತಿ ಸಹ ನೋಡಲಿಲ್ಲ.

1991ರಲ್ಲಿ ಮಲ್ಪೆ ಕಡೆ ಒಂದು ಮನೆ. ಪಡುವಣ ಗೋಡೆಗೆ ತಾಗಿಸಿ ಏಳು ಅಡಿಯ ಕಪಾಟು ಆಗಬೇಕಿತ್ತು. ಕೆಂಪುಕಲ್ಲಿನ ಗೋಡೆ, ಕಡಲಿನ ಗಾಳಿಮಳೆ ನೇರ ಬಂದು ಬಡಿಯುವ ಜಾಗ. ನಾನು ಕಮರ್ಷಿಯಲ್ ಪ್ಲೈವುಡ್ ಸಾಕು ಅಂತ ಬರೆದುಕೊಟ್ಟೆ. ಗೋಡೆಗೂ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದಿಯನ್ನೂ ಬಿಡಿಸಲಿಲ್ಲ. ನಮ್ಮ ಮರಗೆಲಸದ ಆಚಾರಿ ಟೇಪು ಹಿಡಿದುಕೊಂಡು ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಬೀಡಿ ಹಚ್ಚಿ ಕೆಲಸ ಶುರು ಮಾಡಿದರು.

ಆಟಿ ತಿಂಗಳ ಮಳೆಯಲ್ಲಿ ಆ ಮನೆಯಿಂದ ಕರೆ ಬಂತು. ಮನೆಯ ಅಮ್ಮ ಬಾಗಿಲು ಎಳೆದರೆ ಅದು ಉಬ್ಬಿಕೊಂಡು ಅರ್ಧಕ್ಕೇ ನಿಂತಿತು. ಒಳಗಿಂದ ಒದ್ದೆ ಗೋಣಿಯ ವಾಸನೆ. ಹಿಂದಿನ ಹಲಗೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಅವರ ಮದುವೆ ಸೀರೆಯ ಮಡಿಕೆಯಲ್ಲೆಲ್ಲ ಬೂಸರು. ಅವರು ಒಂದು ಮಾತೂ ಬೈಯಲಿಲ್ಲ. ಸೀರೆ ಕೊಡವಿ, ಪುನಃ ಮಡಚಿ, ಒಳಗೆ ಹೋಗಿ ನನಗೆ ಕಾಫಿ ತಂದರು. ಆ ಲೋಟ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ, ಅಂಚು ಸ್ವಲ್ಪ ನೆಗ್ಗಿತ್ತು.

ಬಸ್ಸಿಗೆ ಕಾಯುವಾಗ ಆಚಾರಿ ಹೇಳಿದರು, "ನನಗೆ ಅವತ್ತೇ ಗೊತ್ತಿತ್ತು. ನೀವು ಓದಿದವರು, ಏನೋ ಲೆಕ್ಕ ಇರಬೇಕು ಅಂತ ಸುಮ್ಮನಾದೆ."

ಹನ್ನೊಂದು ವರ್ಷ ಸಿಕ್ಕಿಬೀಳುವ ಹೆದರಿಕೆಯಲ್ಲೇ ಕಳೆದೆ, ಸಿಕ್ಕಿಬೀಳಲೇ ಇಲ್ಲ. ಆದರೆ ಆ ಒಂದು "ಆಯ್ತು" ಅಂದಮೇಲೆ ಯಾರ ಹತ್ತಿರವೂ "ಇದು ಹೇಗೆ?" ಅಂತ ಕೇಳಲು ಬಾಯಿ ಬರುತ್ತಿರಲಿಲ್ಲ. ಓದಿದವನಿಗೆ ಇದೂ ಗೊತ್ತಿಲ್ಲವಾ ಅನ್ನುತ್ತಾರಲ್ಲ. ಗೊತ್ತಿದ್ದವರೂ ನನಗೆ ಹೇಳಲು ಬರುತ್ತಿರಲಿಲ್ಲ. ನೀನು ಆ ಸಾಲು ಬರೆದದ್ದು ನೋಡಿ ನನಗೆ ನೆನಪಾದದ್ದು ಆಚಾರಿಯ ಆ ನೋಟವೇ.

ನಿನ್ನ ಕೆಲಸಕ್ಕೆ ಸರ್ಟಿಫಿಕೇಟ್ ಬೇಕೇಬೇಕು ಅಂತ ಕಾನೂನೇನೂ ಇಲ್ಲ, ಗೊತ್ತುಂಟಾ? 1972ರ ಆರ್ಕಿಟೆಕ್ಟ್ಸ್ ಆಕ್ಟ್ ಕಾಯುವುದು "ಆರ್ಕಿಟೆಕ್ಟ್" ಅನ್ನುವ ಹೆಸರನ್ನು. ಕೌನ್ಸಿಲಿನಲ್ಲಿ ನೋಂದಣಿ ಇಲ್ಲದವರು ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಹಾಗಾಗಿ ಚಂದಕ್ಕೆ ಅಂತ ಕಾರ್ಡಿನಲ್ಲಿ "ಇಂಟೀರಿಯರ್ ಆರ್ಕಿಟೆಕ್ಟ್" ಅಂತ ಹಾಕಿಸಬೇಡ. ಡಿಸೈನರ್ ಅಂತ ಧಾರಾಳ ಹಾಕಿಸು. ಗೋಡೆ ಒಡೆಯುವ ಮಾತು ಬಂದರೆ ಇಂಜಿನಿಯರನ್ನು ಕರೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿಯ ತಲೆಬಿಸಿಯೂ ಇಲ್ಲ.

ಮಣಿಪಾಲದಲ್ಲಿ ಓದಿದವರ ಎದುರು ನಾನೆಲ್ಲಿ ಅಂತಲೂ ಬರೆದಿದ್ದೀಯ. ಅದೇ ಮಣಿಪಾಲದಲ್ಲಿ ಹೆರಿಟೇಜ್ ವಿಲೇಜ್ ಮಾಡಿದ ವಿಜಯನಾಥ ಶೆಣೈಯವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಜನ ಬೇಡ ಅಂತ ಕೆಡವುತ್ತಿದ್ದ ಹಳೆ ಮನೆಗಳನ್ನು ಕಂಬ, ತೊಲೆ ಸಮೇತ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರ ಹಾಗೆ ಆಗು ಅನ್ನುವುದಿಲ್ಲ, ಅವರ ಹುಚ್ಚೇ ಬೇರೆ. ಪುರುಸೊತ್ತಾದಾಗ ಹೋಗಿ ಅಲ್ಲಿನ ಜಗಲಿ, ಬಾಗಿಲುಗಳನ್ನು ಅಳೆದುಕೊಂಡು ಬಾ ಅಂತ ಅಷ್ಟೇ.

ಮತ್ತೆ, ಬಿಜೈಯ ಅಡುಗೆಮನೆ. ಸಿಂಕಿನ ಕೆಳಗೆ ಎಂಆರ್ ಪ್ಲೈ ಹಾಕಿಸಬೇಡ, ಅಂಗಡಿಯವರು ಏನೇ ಹೇಳಲಿ. ಅದು ತೇವಕ್ಕಾದರೆ ತಡೆದೀತು, ನೀರಿಗೆ ತಡೆಯುವುದಿಲ್ಲ. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡು, ನೀರಿಗೆ ತಡೆಯುವ ಮರೈನ್ ಪ್ಲೈಯ ಗುರುತು ಅದು. ಬಾಗಿಲಿನ ಹಿಂಜು 304 ಸ್ಟೇನ್‌ಲೆಸ್ ಸ್ಟೀಲಿನದ್ದೇ ತರಿಸು, ನಮ್ಮ ಗಾಳಿಗೆ ಅದಕ್ಕಿಂತ ಕಡಿಮೆಯದು ಬಾಳುವುದಿಲ್ಲ. ಕಪಾಟಿನ ಹಿಂದೆ ಒಂದಿಂಚು ಬಿಡು. ಇದೆಲ್ಲ ಯೂಟ್ಯೂಬಿನಲ್ಲಿ ನೋಡಿರುತ್ತೀಯ, ಮುದುಕ ಕೊರೆಯುತ್ತಾನೆ ಅನ್ನಬೇಡ. ನೆಂಟರಿಗೆ ಪುಕ್ಕಟೆ ಡ್ರಾಯಿಂಗ್ ಮಾಡಿಕೊಡಬೇಡ. ನನ್ನ ಮನೆಯದ್ದು ಬಿಟ್ಟು.

ಎಲ್ಲಿ ಓದಿದ್ದು ಅಂತ ಕೇಳಿದರೆ "ಓದಿಲ್ಲ, ಈ ಎರಡು ಮನೆ ಮಾಡಿದ್ದೇನೆ, ಅವರಿಗೇ ಫೋನ್ ಮಾಡಿ ಕೇಳಿ" ಅನ್ನು. ಕೆಲವರು ಎದ್ದು ಹೋಗುತ್ತಾರೆ. ಹೋಗುವುದಿಲ್ಲ ಅಂತ ನಾನು ಸುಳ್ಳು ಹೇಳಲಾ? ಆ ದಿನ ಬೇಜಾರಾಗುತ್ತದೆ, ಊಟ ಸೇರುವುದಿಲ್ಲ. ಆದರೆ ಕೆಲಸದ ಮೊದಲ ದಿನವೇ ನಿನ್ನ ಆಚಾರಿಯ ಹತ್ತಿರ ಒಂದು ಮಾತು ಹೇಳಿಡು, "ತಪ್ಪು ಕಂಡರೆ ಅಲ್ಲಿಗೇ ನಿಲ್ಲಿಸಿ ಹೇಳಿ" ಅಂತ. ನನಗೆ ಅದೊಂದು ಮಾತು ಹೇಳಲಾಗಲಿಲ್ಲ.

ಇನ್ನೊಂದು. ಬಿಜೈಯವರಿಗೆ ಆಗಲೇ ಹೇಳಿಬಿಟ್ಟಿದ್ದೀಯಾ? "ಹೇಳಿಬಿಡಲಾ" ಅಂತ ಕೇಳುವವರು ಮುಕ್ಕಾಲು ಪಾಲು ಹೇಳಿಯೇ ಆಗಿರುತ್ತದೆ, ನನಗೆ ಗೊತ್ತಿಲ್ಲವಾ. ಹೇಳಿದ್ದರೆ ಫೋನ್ ಮಾಡು, ಬೈಯುವುದಿಲ್ಲ. ಬೆಳಗ್ಗಿನ ಎಕ್ಸ್‌ಪ್ರೆಸ್ ಹಿಡಿದು ಬರುತ್ತೇನೆ, ಇಬ್ಬರೂ ಹೋಗಿ ಸರಿಮಾಡಿಕೊಂಡು ಬರುವ.

ಅಮ್ಮನಿಗೆ ಪತ್ರ ತೋರಿಸುವುದಾದರೆ ಎರಡನೇ ಹಾಳೆ ತೆಗೆದಿಡು. ಅಥವಾ ಬೇಡ, ತೋರಿಸು.

ನಿನ್ನ ಮಾವ