ಮೊದಲು ಪಳಗಬೇಕಾದವರು ಲೀಶ್ ಹಿಡಿದವರು

ಗೆಳೆಯಾ,

ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಹೋಗಿ ಅಲ್ಲಿನವರಿಗೆ ಸಮಾಧಾನ ಕೊಡುವ ಥೆರಪಿ ನಾಯಿಗಳ ಭೇಟಿಗೆ ಸ್ವಯಂಸೇವಕರನ್ನು ತಯಾರು ಮಾಡೋದು ಎಲ್ಲಿಂದ ಅಂತ ಕೇಳಿದ್ದೆಯಲ್ಲ? ನಾಯಿ ಆಮೇಲೆ, ಮೊದಲು ಲೀಶ್ (ನಾಯಿಗೆ ಕಟ್ಟುವ ಹಗ್ಗ) ಹಿಡಿದವರು. ಮೊದಲ ಪಾಠ ಬಟ್ಟೆಯ ಆಟಿಕೆ ನಾಯಿಯ ಜೊತೆಗೇ ಆಗಲಿ. ನಗುತ್ತಾರೆ, ನಗಲಿ ಬಿಡು.

ನಾಯಿಗೆ ಒಂದು ವರ್ಷವಾದರೂ ತುಂಬಿರಬೇಕು. ಅಪರಿಚಿತರ ಕೈಯನ್ನು ಸಹಿಸಿಕೊಳ್ಳುವ ನಾಯಿ ಬೇರೆ, ಆ ಕೈಯನ್ನು ಬಯಸುವ ನಾಯಿ ಬೇರೆ. ಮೂರು ಸೆಕೆಂಡ್ ಸವರಿ ಕೈ ತೆಗೆಯಲಿ. ಮೂತಿ ತಂದು ಮತ್ತೆ ಕೈಗೆ ಒತ್ತಿದರೆ ಸರಿ. ಮುಖ ತಿರುಗಿಸಿದರೆ ಆ ನಾಯಿಗೆ ಈ ಕೆಲಸ ಬೇಡ.

‘ಬಿಡು’ ಅನ್ನೋ ಆಜ್ಞೆ ಮಾತ್ರ ನಾಯಿಯ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ವಾರ್ಡಿನ ನೆಲದಲ್ಲಿ ಬಿದ್ದ ಮಾತ್ರೆ ನುಂಗೋಕೆ ನಾಯಿಗೆ ಕ್ಷಣ ಸಾಕು. ಮೊದಲು ಮುಷ್ಟಿಯೊಳಗಿನ ತಿಂಡಿ, ನಂತರ ಪಾದದಡಿಯದು, ಕೊನೆಗೆ ಬಯಲಲ್ಲಿ ಬಿದ್ದದ್ದರ ಪಕ್ಕದಲ್ಲೇ ನಡಿಗೆ. ಬಹುಮಾನ ಕೈಯಿಂದಲೇ ಬರಲಿ. ನೆಲದ್ದನ್ನೇ ಎತ್ತಿ ಕೊಟ್ಟರೆ, ಕಾದರೆ ನೆಲದ್ದೂ ಸಿಗುತ್ತೆ ಅಂತ ಕಲಿಯುತ್ತದೆ.

ಗಾಲಿಕುರ್ಚಿಯನ್ನು ಮೊದಲು ನಿಂತಲ್ಲೇ ಮೂಸಲಿ, ಆಮೇಲೆ ದೂರದಿಂದ ನಿಧಾನ ತಳ್ಳಿ. ಎದುರಿನಿಂದ ಹೋಗದೆ ಪಕ್ಕದಿಂದ ಹೋಗಬೇಕು, ಪಂಜ ಚಕ್ರದಡಿ ಸಿಗದಂತೆ. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿದರೆ ತಪ್ಪಿಲ್ಲ, ಕೆಲವು ಸೆಕೆಂಡಿನಲ್ಲಿ ಚೇತರಿಸಿಕೊಂಡರಾಯಿತು.

ಲೀಶ್ ನಾಲ್ಕರಿಂದ ಆರು ಅಡಿ. ಎಳೆದಂತೆಲ್ಲ ಉದ್ದವಾಗುವ ಲೀಶ್ ಬೇಡವೇ ಬೇಡ, ಡ್ರಿಪ್ ಪೈಪಿಗೆ ಸುತ್ತಿಕೊಂಡೀತು. ಹಿಂದಿನ ದಿನ ಸ್ನಾನ ಮಾಡಿಸಿ, ಉಗುರು ಕತ್ತರಿಸಿ ಉಜ್ಜಿ ನಯ ಮಾಡಲಿ. ವಯಸ್ಸಾದವರ ಚರ್ಮ ತೆಳು, ಗೀರಿದರೆ ಕಿತ್ತು ಬರುತ್ತದೆ. ಲಸಿಕೆ, ಜಂತಿನ ಔಷಧಿ ಬಾಕಿಯಿರಬಾರದು. ಹಸಿ ಮಾಂಸ ತಿನ್ನುವ ನಾಯಿ ಬೇಡ, ನೋಡೋಕೆ ಆರೋಗ್ಯವಾಗಿದ್ದರೂ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಹೊರಬೀಳಬಹುದು. ಮುಟ್ಟುವವರೆಲ್ಲ ಮುಟ್ಟುವ ಮುನ್ನವೂ ನಂತರವೂ ಸ್ಯಾನಿಟೈಸರ್ ಹಚ್ಚಿಕೊಳ್ಳಲಿ, ಇಲ್ಲದಿದ್ದರೆ ಒಬ್ಬರ ಕೈಯ ರೋಗಾಣು ನಾಯಿಯ ಕೂದಲ ಮೇಲೆ ಕೂತು ಮುಂದಿನ ಹಾಸಿಗೆಗೆ ಹೋಗುತ್ತದೆ. ಹಾಸಿಗೆ ಹತ್ತಿಸುವುದಾದರೆ ಒಬ್ಬೊಬ್ಬರಿಗೂ ಬೇರೆ ಒಗೆದ ಬಟ್ಟೆ ಹಾಸಬೇಕು. ನೆಕ್ಕಲು ಬಿಡಬಾರದು.

ಜನ ಎಡವೋದು ಇಲ್ಲೇ: ರೋಗಿಯ ಮುಖದ ನಗು ನೋಡುತ್ತಾ ನಾಯಿಯನ್ನೇ ಮರೆಯುತ್ತಾರೆ. ನಾಯಿಗೆ ಒತ್ತಡವಾದ ಗುರುತುಗಳು ಇವು: ನಿದ್ದೆ ಬರದಿದ್ದರೂ ಆಕಳಿಸೋದು, ತಿಂಡಿಯಿಲ್ಲದೆ ತುಟಿ ನೆಕ್ಕೋದು, ಕಣ್ಣಿನ ಬಿಳಿ ಕಾಣೋದು, ಒಣಗಿದ ಮೈಯನ್ನೇ ಒದ್ದೆಯಾದಂತೆ ಕೊಡವೋದು. ಒಂದು ಕಂಡರೆ ಬಿಡುವು ಕೊಡಿ, ಎರಡು ಒಟ್ಟಿಗೆ ಕಂಡರೆ ಹೊರಗೆ ಬನ್ನಿ. ಮೊದಲ ಭೇಟಿಗಳು ಅರ್ಧ ಗಂಟೆ ಮೀರದಿರಲಿ.

ಮಧ್ಯದಲ್ಲಿ ಎದ್ದುಬರೋಕೆ ಎಲ್ಲರಿಗೂ ಸಂಕೋಚ. ಒಂದು ಮಾತು ಬಾಯಿಪಾಠ ಮಾಡಿಸು: ‘ಇವನಿಗೆ ನೀರು ಕುಡಿಸುವ ಹೊತ್ತಾಯ್ತು, ಬರ್ತೀವಿ.’ ಆಟಿಕೆ ನಾಯಿ ಹಿಡಿದುಕೊಂಡೇ, ಜೋರಾಗಿ, ಹತ್ತು ಸಲ.

ನಿನ್ನ ಗೆಳೆಯ