ಅಂಗನವಾಡಿ ಅವಲೋಕನಕ್ಕೆ ಹೊರಡುವವರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಶಿರಸಿ ಸುತ್ತಮುತ್ತಲಿನ ಅಂಗನವಾಡಿಗಳಲ್ಲಿ ಅವಲೋಕನ ಆರಂಭಿಸುವ ಮೊದಲು ಒಂದು ವ್ಯತ್ಯಾಸವನ್ನು ದಯವಿಟ್ಟು ಸ್ಪಷ್ಟಪಡಿಸಿಕೊಳ್ಳಿ: ಎತ್ತರ, ತೂಕಗಳ ಹೆಚ್ಚಳವೇ ಬೆಳವಣಿಗೆ; ನಡಿಗೆ, ಮಾತು, ಯೋಚನೆಗಳು ಹಂತಹಂತವಾಗಿ ಕೂಡಿಬರುವುದು ವಿಕಾಸ. ಹುಟ್ಟುತೂಕ ಒಂದು ವರ್ಷದಲ್ಲಿ ಸುಮಾರು 3 ಪಟ್ಟಾದುದನ್ನು ತಕ್ಕಡಿ ತೋರಿಸುತ್ತದೆ. ಅಡಗಿಸಿಟ್ಟ ಆಟಿಕೆಯನ್ನು ಮಗು ಹುಡುಕತೊಡಗಿದ್ದನ್ನು ಮಾತ್ರ ನಾವೇ ತಾಳ್ಮೆಯಿಂದ ಕುಳಿತು ಗಮನಿಸಬೇಕು.

ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಸಲ ಹೋಲಿಸುವ ಅಡ್ಡಛೇದ ಅಧ್ಯಯನ ಬೇಗ ಮುಗಿಯುತ್ತದೆಯಾದರೂ, ಪೇಟೆಯ 5 ವರ್ಷದ ಮಗುವಿಗೂ ತೋಟದ ನಡುವಿನ ಒಂಟಿಮನೆಯ 3 ವರ್ಷದ ಮಗುವಿಗೂ ಕಾಣುವ ಅಂತರ ವಯಸ್ಸಿನದೋ ಪರಿಸರದ್ದೋ ಎಂಬುದನ್ನು ಅದರಿಂದ ಬಿಡಿಸಿ ಹೇಳಲಾಗದು. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ದೀರ್ಘಾವಧಿ ಅಧ್ಯಯನದ ಮೇಲೆ ನನಗೆ ಹೆಚ್ಚು ನಂಬಿಕೆ. ಮಕ್ಕಳ ಯೋಚನೆಯ ವಿಕಾಸವನ್ನು ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ಹಾಗೆ ನೋಡುತ್ತ ಬರೆದಿಟ್ಟರು. ಮೂವರೇ ಎಂಬ ಮಿತಿಯನ್ನೂ ಮರೆಯಬಾರದು.

ವರದಿಯಲ್ಲಿ ‘ಹಟಮಾರಿ ಮಗು’ ಎಂದು ಬರೆಯಬೇಡಿ. ‘ಗೆಳತಿ ಕರಟ ಕಸಿದಾಗ 2 ನಿಮಿಷ ಅತ್ತಿತು’ ಎಂದು ಕಂಡದ್ದನ್ನಷ್ಟೇ ಬರೆಯಿರಿ. ಪಾಲಕರ ಒಪ್ಪಿಗೆ ಮೊದಲೇ ಪಡೆಯಿರಿ. ಮಕ್ಕಳ ಹೆಸರು, ಫೋಟೋಗಳನ್ನು ಈ ಗುಂಪಿಗೆ ಹಾಕಬಾರದು.